ಮುಖ ಬ್ಯಾಡ, ಬೆರಳು ಸಾಕು

ಶಾಲೆಗಳು ಬಾಗಿಲು ಹಾಕಿಕೊಂಡ ಆ ವರ್ಷ ನನ್ನ ಎಂಟನೇ ತರಗತಿ ನಡೆದದ್ದು ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ. ದಾವಣಗೆರೆಯ ಶಾಮನೂರಿನ ಕಡೆ ಹೊಸದಾಗಿ ಎದ್ದ ಬಡಾವಣೆ ನಮ್ಮದು. ಸೈಟು ಮಾರಿದವರು ರಸ್ತೆ, ಚರಂಡಿ, ಪಾರ್ಕು ಎಲ್ಲವನ್ನೂ ತೋರಿಸಿದ್ದರು, ನೆಟ್‌ವರ್ಕ್ ಒಂದನ್ನು ಬಿಟ್ಟು. ಮನೆಯೊಳಗೆ ಫೋನಿಗೆ ಜೀವವೇ ಇರುತ್ತಿರಲಿಲ್ಲ. ತಾರಸಿ ಹತ್ತಿ, ಅದೂ ಟ್ಯಾಂಕಿನ ಪಡುವಣ ಮೂಲೆಗೆ ಕುರ್ಚಿ ಎಳೆದುಕೊಂಡು ಕೂತರೆ, ನನ್ನ ದನಿ ಹರಿಹರ ಮುಟ್ಟುತ್ತಿತ್ತು. ತಲೆಗೊಂದು ಟವೆಲ್ಲು ಸುತ್ತಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಫೋನು ಹಿಡಿದು ನಾನು ಪಾಠ ಮಾಡುವುದನ್ನು ಪಕ್ಕದ ಖಾಲಿ ಸೈಟಿನ ಎಮ್ಮೆಗಳು ಬಹಳ ಶ್ರದ್ಧೆಯಿಂದ ಕೇಳುತ್ತಿದ್ದವು. ನಮ್ಮ ಮನೆಯವರಿಗೆ ಅದನ್ನು ನೋಡಿ ನಗು, ನನಗೆ ಸಿಟ್ಟು.

ಹರಿಹರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುವವಳು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ರೈಲಿಗೋ ಬಸ್ಸಿಗೋ ಹೋಗಿ ಬರುತ್ತಿದ್ದೆ. ನಮ್ಮಲ್ಲಿ ಪ್ರೌಢಶಾಲೆ ಶುರುವಾಗುವುದೇ ಎಂಟರಿಂದ. ಹಾಗಾಗಿ ಆ ವರ್ಷ ಸೇರಿದ ಮಕ್ಕಳಲ್ಲಿ ಒಬ್ಬರನ್ನೂ ನಾನು ಕಣ್ಣಾರೆ ನೋಡಿರಲಿಲ್ಲ. ಅವರು ನನಗೆ ಹಾಜರಿ ಪುಸ್ತಕದ ಹೆಸರುಗಳು, ಫೋನಿನೊಳಗಿನ ಕಪ್ಪು ಚೌಕಗಳು. ಮಕ್ಕಳ ಮುಖ ನೋಡದೆ ಪಾಠ ಮಾಡುವುದು ನನ್ನ ಜಾಯಮಾನಕ್ಕೆ ಒಗ್ಗುವ ಕೆಲಸವಲ್ಲ. ಕಣ್ಣು ನೋಡಿದರೆ ಯಾರಿಗೆ ಅರ್ಥವಾಯಿತು, ಯಾರು ಕಿಟಕಿಯಾಚೆ ಹೋಗಿದ್ದಾರೆ ಅಂತ ನನಗೆ ಥಟ್ಟನೆ ತಿಳಿಯುತ್ತಿತ್ತು. ಇಲ್ಲಿ ಏನು ನೋಡುವುದು?

"ಕ್ಯಾಮೆರಾ ಹಾಕ್ರಿ" ಅಂತ ಮೊದಲ ವಾರವೆಲ್ಲ ಗದರಿದೆ. ಒಬ್ಬಳು, "ಮನೆ ಕಾಣ್ತೈತೆ ಮಿಸ್" ಅಂದಳು. ಇನ್ನೊಬ್ಬಳು ತನ್ನ ಅಜ್ಜಿಯ ಮಾತೆತ್ತಿ, "ದಾದಿ ಬ್ಯಾಡ ಅಂತಾರ್ರಿ" ಅಂದಳು. ವೆಲ್ಡಿಂಗ್ ಅಂಗಡಿಯವರ ಮಗ, "ಅಬ್ಬಾನ ಫೋನಿಗೆ ಆ ಕಡೆ ಗಾಜು ಒಡದೈತೆ ಮಿಸ್" ಅಂದ. ಎಲ್ಲ ಕಾರಣವೂ ಖರೆ ಇದ್ದಿರಬಹುದು. ಇಲಾಖೆಯ ಆನ್‌ಲೈನ್ ತರಬೇತಿಯಲ್ಲಿ ಕೇಳೋಣವೆಂದರೆ, ತರಬೇತಿ ಕೊಡುವವರು ಪರದೆಯ ಮೇಲಿದ್ದದ್ದನ್ನು ಓದಿ ಹೇಳಿ, ಧನ್ಯವಾದ ಹೇಳಿ ಹೋದರು. ಅವರ ಮುಖವೂ ನನಗೆ ಕಾಣಲಿಲ್ಲ.

ಕೊನೆಗೆ ನಾನೇ ಒಂದು ದಾರಿ ಮಾಡಿಕೊಂಡೆ. ಎಂಟನೇ ತರಗತಿಗೆ ಬಂದರೂ ಒಂದು ಪುಟ ಸರಾಗ ಓದಲು ಬಾರದ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಶಾಲೆ ಮುಚ್ಚಿದರೆ ಅವರು ಇದ್ದಬದ್ದದ್ದನ್ನೂ ಮರೆಯುತ್ತಾರೆ ಎಂಬ ಭಯ ನನಗೆ. ಆದ್ದರಿಂದ ಸಂಜೆ ಹೊತ್ತು ಮರುದಿನದ ಪಾಠದ ಒಂದು ಪುಟವನ್ನು ನಿಧಾನಕ್ಕೆ ಓದಿ, ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಮಕ್ಕಳು ಪುಸ್ತಕ ಎದುರಿಗಿಟ್ಟುಕೊಂಡು ಅದನ್ನು ಕೇಳಬೇಕು; ಬೆಳಿಗ್ಗೆ ತಾವೇ ಓದಿ, ತಮ್ಮ ದನಿ ಕಳಿಸಬೇಕು. ಡಾಟಾ ಕಡಿಮೆ ಸಾಕು, ಮನೆ ಕಾಣುವುದಿಲ್ಲ, ದಾದಿಯದೂ ತಕರಾರಿಲ್ಲ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಬಂದ ಓದುಗಳಲ್ಲಿ ಬಹಳಷ್ಟು ಕುಂಟುತ್ತಾ ಬರುವಂಥವು. ಕೆಲವರು ಒತ್ತಕ್ಷರ ಬಂದ ಕೂಡಲೇ ಕೆಮ್ಮುತ್ತಿದ್ದರು. ಆದರೆ ಒಬ್ಬ ಹುಡುಗಿಯ ಓದು ಮಾತ್ರ ಬೇರೆಯೇ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಒಂದು ಅಕ್ಷರವೂ ಜಾರದಂತೆ ಓದುತ್ತಿದ್ದಳು. ಹಿಂದುಗಡೆಯಿಂದ ತಟತಟ ಬಡಿಯುವ ಸದ್ದು ಬರುತ್ತಿತ್ತು. ಅವಳ ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮನೆಗಳಿಗೂ ಕೊಡುವವಳು ಅಂತ ಆಮೇಲೆ ತಿಳಿಯಿತು. ನಾನಂತೂ ಆ ದನಿಗೆ ಮಾರುಹೋದೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅವಳದ್ದನ್ನೇ ಕೇಳುತ್ತಿದ್ದೆ, ಗುಂಪಿಗೂ ಹಾಕುತ್ತಿದ್ದೆ. "ಹಿಂಗ ಓದ್ಬೇಕು ನೋಡ್ರಿ" ಅಂತ ಉಳಿದವರಿಗೆ ಹೇಳುತ್ತಿದ್ದೆ.

ನಮ್ಮ ಹೆಡ್ ಮಾಸ್ತರು ಆ ಗುಂಪಿನಲ್ಲಿದ್ದರು. ಒಳ್ಳೆಯ ಮನುಷ್ಯ, ಮಕ್ಕಳು ಏನು ಹಾಕಿದರೂ ಹೂಗುಚ್ಛದ ಚಿತ್ರ ಕಳಿಸುವವರು. ಅವರೂ ಇವಳ ಓದು ಕೇಳಿ ಒಂದು ದಿನ ಗುಂಪಿನಲ್ಲೇ ಘೋಷಿಸಿಬಿಟ್ಟರು: ಶಾಲೆ ಶುರುವಾದ ಮೊದಲನೇ ದಿನ ಪ್ರಾರ್ಥನೆಯಲ್ಲಿ ಪೇಪರ್ ಓದುವುದು ಈ ಮಗುವೇ. ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಆ ದಿನದ ದಿನಪತ್ರಿಕೆಯ ತಲೆಬರಹಗಳನ್ನು ಒಂದು ಮಗು ಎಲ್ಲರೆದುರು ನಿಂತು ಓದುವ ರೂಢಿ. ಸಾಮಾನ್ಯವಾಗಿ ಹತ್ತನೇ ತರಗತಿಯವರಿಗೆ ಸಿಗುವ ಮಾನ ಅದು.

ಅರ್ಧ ಗಂಟೆಯೊಳಗೆ ಅವಳ ಅವ್ವನ ದನಿ ನನ್ನ ಫೋನಿಗೆ ಬಂತು. "ಮೇಡಂ, ನನ್ನ ಮಗಳು ಪೇಪರ್ ಓದ್ತಾಳಂತ್ರಿ. ನಮ್ಮನ್ಯಾಗ ಪೇಪರ್ ಓದೋರು ಯಾರೂ ಆಗಿಲ್ರಿ. ಅವತ್ತು ಒಲಿ ಹಚ್ಚಲ್ಲ ನಾನು, ಬಂದು ಕೇಳ್ತೀನಿ" ಅಂದಳು. ಆ ದನಿಯಲ್ಲಿದ್ದ ಹಿಗ್ಗು ಕೇಳಿ ನನಗೂ ಹಿಗ್ಗಾಯಿತು.

ಈ ಹಿಗ್ಗಿಗೆ ಕಲ್ಲು ಹಾಕಿದವರು ನಮ್ಮ ಮನೆಯವರು. ಅವರದು ಬೈಕಿನ ಬಿಡಿಭಾಗಗಳ ಅಂಗಡಿ. ಆಗ ಅದೂ ಮುಚ್ಚಿತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಅಡುಗೆಮನೆಯ ಮೇಲೆ ದಂಡೆತ್ತಿ ಬಂದಿದ್ದರು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಾ, "ಆ ಊರಿನಲ್ಲಿ ಇದ್ದದ್ದು ಒಂದೇ ಬಾವಿ. ಊರಿನವರೆಲ್ಲ ಅದರ ನೀರನ್ನೇ ಕುಡಿಯುತ್ತಿದ್ದರು" ಅಂತ ಶುರು ಮಾಡಿದವರು, ಪೂರ್ತಿ ಒಂದು ಪುಟ ಗಡಗಡ ಒಪ್ಪಿಸಿಬಿಟ್ಟರು. ಅದು ಆ ವಾರದ ಪಾಠ, ಬಾವಿ ತೋಡಿದ ಒಂದು ಊರಿನ ಕಥೆ.

"ರೀ, ಪುಸ್ತಕ ಯಾವಾಗ ಓದಿದ್ರಿ?" ಅಂದೆ.

"ಪುಸ್ತಕ ಯಾಕ ಬೇಕು? ಸಂಜಿ ನೀನು ಓದ್ತಿ, ಬೆಳಿಗ್ಗೆ ಆ ಹುಡುಗಿ ಓದ್ತಾಳೆ. ನೀನೂ ಅವಳದ್ದ ನಾಕ್ ಸಲ ಹಾಕ್ಕೊಂಡು ಕೇಳ್ತಿ. ಎಲ್ಲಿ ನಿಲ್ಲಿಸ್ತೀರಿ ಅದೂ ಬಂದೈತೆ ನನಗೆ. 'ಊರ ಹಿರಿಯರು' ಅಂದು ನೀನು ಒಂದೀಟು ಸುಮ್ನಾಗ್ತಿ, ಎಮ್ಮಿ ಒದರ್ತೈತೆ ಅಂತ. ಆ ಹುಡುಗೀನೂ ಅಲ್ಲೇ ಸುಮ್ನಾಗ್ತಾಳೆ. ಅವಳ ಮನಿ ಮುಂದೂ ಎಮ್ಮಿ ಐತೇನು?"

ಅವರು ತಮಾಷೆಗೆ ಅಂದದ್ದು. ನಾನು ಉಪ್ಪಿಟ್ಟನ್ನು ಅವರಿಗೇ ಬಿಟ್ಟೆ. ತಾರಸಿಗೆ ಹೋಗಿ ನನ್ನದನ್ನೂ ಅವಳದ್ದನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಹೌದು, ಎಮ್ಮೆ ಒದರಿದಲ್ಲೆಲ್ಲ ಅವಳೂ ನಿಲ್ಲಿಸಿದ್ದಳು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಗಾಳಿಗೆ ಪುಟ ಹಾರಿ ನಾನು ಒಂದು ಕಡೆ ಒಂದು ಸಾಲನ್ನೇ ಬಿಟ್ಟು ಓದಿದ್ದೆ. ಪುಸ್ತಕ ನೋಡಿ ಓದುವ ಯಾವ ಮಗುವಾದರೂ ಆ ಸಾಲನ್ನು ಓದಲೇಬೇಕು. ಕುಂಟುವ ಮಕ್ಕಳೆಲ್ಲ ಅದನ್ನು ಕುಂಟುತ್ತಲೇ ಓದಿದ್ದರು. ನನ್ನ ಬಂಗಾರದಂಥ ಹುಡುಗಿ ಆ ಸಾಲನ್ನು ಬಿಟ್ಟಿದ್ದಳು.

ಹಾಗಂತ ಒಂದೇ ಏಟಿಗೆ ನಂಬಲು ಮನಸ್ಸಿರಲಿಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಲು ಬಾಯಿ ಬರಲಿಲ್ಲ. ಅವಳೊಬ್ಬಳನ್ನೇ ಪರೀಕ್ಷೆ ಮಾಡಿದರೆ ಮಕ್ಕಳಿಗೆ ವಾಸನೆ ಹತ್ತುತ್ತದೆ. ಯೋಚನೆ ಮಾಡಿ ಮಾರನೇ ದಿನದ ತರಗತಿಯಲ್ಲಿ ಎಲ್ಲರಿಗೂ ಒಂದೇ ಕಾನೂನು ಮಾಡಿದೆ. "ಮುಖ ಬ್ಯಾಡ, ಬೆರಳು ಸಾಕು. ಫೋನು ಪುಸ್ತಕದ ಮ್ಯಾಲೆ ಹಿಡೀರಿ. ಯಾವ ಅಕ್ಷರ ಓದ್ತೀರೋ ಅದರ ಕೆಳಗ ಬೆರಳು ಇಡ್ರಿ. ನನಗೆ ಪುಟ ಕಾಣ್ಬೇಕು, ಬೆರಳು ಕಾಣ್ಬೇಕು."

ಮುಖ ತೋರಿಸಬೇಕಿಲ್ಲ ಅಂದಕೂಡಲೇ ಮಕ್ಕಳಿಗೆ ಖುಷಿಯೋ ಖುಷಿ. ಅಷ್ಟು ದಿನ ಕಪ್ಪಾಗಿದ್ದ ಚೌಕಗಳು ಒಂದೊಂದಾಗಿ ಬೆಳಗಿದವು. ಎಲ್ಲದರಲ್ಲೂ ಒಂದೊಂದು ಪುಟ, ಒಂದೊಂದು ಬೆರಳು. ಮದರಂಗಿ ಹಚ್ಚಿದ ಬೆರಳು, ಗ್ರೀಸು ಕೂತ ಬೆರಳು, ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳು, ಎಡಗೈಯ ಬೆರಳು. ಯಾರಿಗೆ ಓದು ಬರುತ್ತದೆ, ಯಾರು ಎಲ್ಲಿ ತಡೆಯುತ್ತಾರೆ, ಯಾವ ಅಕ್ಷರದ ಮುಂದೆ ಬೆರಳು ನಡುಗುತ್ತದೆ, ಎಲ್ಲ ಕಂಡಿತು. ಶಾಲೆಯ ಕೋಣೆಯಲ್ಲಿ ಹಿಂದಿನ ಬೆಂಚಿನ ಮಗುವಿನ ಪುಟವನ್ನು ಇಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಫೋನಿನ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿದದ್ದು ಅವತ್ತೇ.

ಅವಳ ಸರದಿ ಬಂತು. ತುದಿಗೆ ಜೋಳದ ಹಿಟ್ಟು ಮೆತ್ತಿದ ಸಣ್ಣ ಬೆರಳು. ದನಿ ಎಂದಿನಂತೆ ಸೊಗಸಾಗಿ, "ಬಾವಿಯ ನೀರು ದಿನದಿನಕ್ಕೂ ಇಳಿಯುತ್ತಾ ಹೋಯಿತು" ಅನ್ನುತ್ತಿತ್ತು. ಬೆರಳು ನಿಧಾನವಾಗಿ, ಒಂದೇ ಹದದಲ್ಲಿ, ಹಿಂದಿನ ಪಾಠದ ಅಭ್ಯಾಸದ ಪ್ರಶ್ನೆಗಳ ಕೆಳಗೆ ಸರಿಯುತ್ತಿತ್ತು. ಅವಳು ಎಡಗಡೆಯ ಪುಟದ ಮೇಲಿದ್ದಳು, ಪಾಠ ಬಲಗಡೆಯ ಪುಟದಲ್ಲಿತ್ತು. ಬೆರಳು ಹೋದಲ್ಲೆಲ್ಲ ಬಿಳಿ ಗೆರೆ ಮೂಡುತ್ತಿತ್ತು. ಉಳಿದ ಮಕ್ಕಳಿಗೆ ಅದು ಗೊತ್ತಾಗಲಿಲ್ಲ. ಅಂಗೈಯಗಲದ ಪರದೆಯಲ್ಲಿ ಅವರಿಗೆ ಎಲ್ಲ ಪುಟವೂ ಒಂದೇ.

"ಸಾಕವ್ವಾ, ಚೆಂದಾಗಿ ಹೇಳ್ದಿ" ಅಂದೆ. ಮುಂದಿನ ಮಗುವನ್ನು ಕರೆದೆ.

ಆ ದಿನವೆಲ್ಲ ಸಿಟ್ಟಿನಲ್ಲಿದ್ದೆ. ಏಳು ವರ್ಷ ಅವಳನ್ನು ಮುಂದೆ ಮುಂದೆ ದಾಟಿಸಿ ಕಳಿಸಿದವರ ಮೇಲೆ ಸಿಟ್ಟು, ಅವಳ ಮೇಲೂ ಸಿಟ್ಟು. ಸಂಜೆಗೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಪಾಠವನ್ನು ಕೇಳಿ ಕಲಿಯಬಹುದು. ಅಂದಂದಿನ ದಿನಪತ್ರಿಕೆಯನ್ನು ಯಾರ ಬಾಯಿಂದ ಕೇಳಿ ಕಲಿಯುತ್ತಾಳೆ? ಶಾಲೆ ತೆರೆದ ದಿನ ಇಡೀ ಶಾಲೆಯೆದುರು, ಅದೂ ಅವ್ವನೆದುರು, ಈ ಹುಡುಗಿ ಪೇಪರ್ ಹಿಡಿದು ಮೂಕಿಯಾಗಿ ನಿಂತರೆ ಏನು ಗತಿ?

ಬಸ್ಸು ಓಡಾಡಲು ಶುರುವಾದ ಮೇಲೆ ಹರಿಹರಕ್ಕೆ ಹೋದೆ. ದೇವಸ್ಥಾನದ ಹಿಂದೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಬಾಗಿಲ ಪಕ್ಕದಲ್ಲೇ ಒಲೆ, ಒಲೆಯ ಮುಂದೆ ಅವಳ ಅವ್ವ, ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನು. ಫೋನಿನೊಳಗಿಂದ ನನ್ನದೇ ದನಿ ಬಾವಿಯ ಕಥೆ ಓದುತ್ತಿತ್ತು. "ಬರ್ರಿ ಮೇಡಂ, ಕೂಡ್ರಿ. ದಿನಾ ನಿಮ್ಮ ದನಿ ಕೇಳ್ಕೊಂತನ ರೊಟ್ಟಿ ಬಡಿಯೋದ್ರಿ ನಾವು" ಅಂತ ಆಕೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟಳು. ಮಗಳು ಉಂಡೆ ಕಟ್ಟುತ್ತಾ ಕೂತಿದ್ದಳು. ನಾನು ಮೊದಲ ಸಲ ಅವಳ ಮುಖ ನೋಡಿದ್ದು. ಅವಳು ತಲೆ ಎತ್ತಲಿಲ್ಲ.

ಅವ್ವ ಪಕ್ಕದ ಓಣಿಗೆ ರೊಟ್ಟಿ ಕೊಟ್ಟು ಬರಲು ಹೋದಾಗ ಹುಡುಗಿ ತಾನೇ ಬಾಯಿಬಿಟ್ಟಳು. "ಮಿಸ್, ನಿಮಗ ಗೊತ್ತಾಗೈತೆ. ಅವ್ವಂಗ ಹೇಳಬ್ಯಾಡ್ರಿ."

ಉಳಿದದ್ದನ್ನೂ ಅವಳೇ ಹೇಳಿದಳು. ಒಂದೊಂದೇ ಅಕ್ಷರ ತೋರಿಸಿದರೆ ಗೊತ್ತು. ನೋಡಿಕೊಂಡು ಬರೆ ಅಂದರೆ ಅಚ್ಚಿನ ಹಾಗೆ ಬರೆಯುತ್ತಾಳೆ. ಅಕ್ಷರಗಳೆಲ್ಲ ಕೂಡಿ ನಿಂತರೆ ಮಾತ್ರ ಅವಳಿಗೆ ಅದು ಮಾತಾಗುವುದಿಲ್ಲ. ಸಣ್ಣ ಶಾಲೆಯಲ್ಲಿ ಎಲ್ಲರೂ ಕೂಡಿ ಗಟ್ಟಿಯಾಗಿ ಓದುತ್ತಿದ್ದರು. ಎರಡು ಮೂರು ಸಲ ಅಂದರೆ ಅವಳಿಗೆ ಪಾಠ ಬಾಯಿಗೆ ಬಂದುಬಿಡುತ್ತಿತ್ತು. ಹಾಗಾಗಿ ಓದಬೇಕಾದ ಅವಶ್ಯಕತೆಯೇ ಬೀಳಲಿಲ್ಲ. ಬಾರದು ಅಂತ ಅವಳಿಗೇ ಖಚಿತವಾಗುವ ಹೊತ್ತಿಗೆ ಕೇಳಲು ನಾಚಿಕೆ.

"ಶಾಲಿ ಶುರುವಾದ್ರೂ ನಾನು ಬರಲ್ಲ ಮಿಸ್. ಅವ್ವನ ಜೋಡಿ ರೊಟ್ಟಿ ಮಾಡ್ಕೊಂಡು ಇರ್ತೀನಿ. ರೊಟ್ಟಿ ಚೆಂದ ಬರ್ತೈತೆ ನನಗೆ" ಅಂದಳು. ಅಳಲಿಲ್ಲ. ಎಲ್ಲ ತೀರ್ಮಾನ ಮಾಡಿ ಮುಗಿಸಿದವರ ಹಾಗೆ ಅಂದಳು. ಅವಳಿಗಿನ್ನೂ ಹದಿಮೂರು ವರ್ಷ.

"ರೊಟ್ಟಿ ಎಲ್ಲೂ ಓಡಿ ಹೋಗಲ್ಲ. ನಾಳೆಯಿಂದ ಮಧ್ಯಾಹ್ನ ನಿಮ್ಮ ಒಲಿ ಆರಿದ ಮ್ಯಾಲೆ ಫೋನ್ ಮಾಡ್ತೀನಿ. ಬೆರಳು ತೋರಿಸು, ಅಷ್ಟೇ. ಅವ್ವಂಗ ನಾನೇನೂ ಹೇಳಲ್ಲ" ಅಂದೆ. ಹೆಡ್ ಮಾಸ್ತರಿಗೆ ಹೇಳಿ ಪೇಪರ್ ಓದುವುದನ್ನು ತಪ್ಪಿಸಲೇ ಅಂತಲೂ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಆದರೆ ಯಾಕೆ ತಪ್ಪಿಸಿದಿರಿ ಅಂತ ಅವಳವ್ವ ಕೇಳದೆ ಇರುತ್ತಾಳೆಯೇ?

ಓದು ಬಾರದ ಮಕ್ಕಳಿಗೆ ಕಲಿಸಿದ್ದು ಹೊಸದಲ್ಲ ನನಗೆ. ಕಾಗುಣಿತದಿಂದ ಹಿಡಿದು ಹತ್ತಿಸಿಕೊಂಡು ಬರುವುದು ನನ್ನ ಹಳೆಯ ದಾರಿ. ಇವಳಿಗೆ ಅದು ಹತ್ತಲಿಲ್ಲ. "ಕ ಕಾ ಕಿ ಕೀ" ಅಂತ ನಾನು ಬಾಯಿ ತೆರೆದರೆ ಸಾಕು, ಅದನ್ನೂ ಹಾಡಿನಂತೆ ಒಪ್ಪಿಸಿಬಿಡುತ್ತಿದ್ದಳು. ಕಿವಿ ಅಷ್ಟು ಚುರುಕು. ಎರಡು ದಿನ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ಈ ಹುಡುಗಿಯ ಹತ್ತಿರ ಅರ್ಧ ಓದು ಆಗಲೇ ಇದೆ. ಪಾಠ ಪೂರ್ತಿ ಬಾಯಲ್ಲಿದೆ. ಬಾಯಲ್ಲಿರುವುದನ್ನು ಪುಟದ ಮೇಲೆ ಹುಡುಕುವುದೊಂದೇ ಬಾಕಿ. ಕಂಠಪಾಠವನ್ನು ಕಳ್ಳತನ ಅಂತ ನೋಡುತ್ತಿದ್ದವಳು ನಾನು. ಅದೇ ಅವಳ ಕೈಯಲ್ಲಿದ್ದ ಬಂಡವಾಳ.

"ಈಗ ಹೇಳ್ತಾ ಹೋಗು. ಒಂದು ಮಾತಿಗೆ ಒಂದು ಸಲ ಬೆರಳು ಮುಂದಕ್ಕ ಇಡು, ಖಾಲಿ ಜಾಗ ಬಂದ್ರ ದಾಟು. ನಾನು ಸಾಕು ಅಂದಲ್ಲಿ ನಿಲ್ಲು" ಅಂದೆ. "ಆ - ಊರಿನಲ್ಲಿ - ಇದ್ದದ್ದು - ಒಂದೇ - ಬಾವಿ." "ಸಾಕು. ಈಗ ನಿನ್ನ ಬೆರಳಿನ ಮ್ಯಾಲೆ ಇರೋದು ಏನು?" "ಬಾವಿ." "ಹಂಗಾದ್ರ ಈ ಪುಟದಾಗ ಇನ್ನ ಎಲ್ಲೆಲ್ಲಿ ಬಾವಿ ಐತೆ, ಹುಡುಕು."

ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವಳು ಪುಟದ ಮೇಲೆ ಬಗ್ಗಿದಳು. ಒಂದು ಸಿಕ್ಕಿತು. ಇನ್ನೊಂದು ಸಿಕ್ಕಿತು. "ಮಿಸ್, ಇಲ್ಲಿ ಬಾಲ ಐತೆ ಇದಕ್ಕೆ" ಅಂದಳು. ನೋಡಿದರೆ 'ಬಾವಿಯ'. "ಬಾಲ ಬಂದ್ರ ಏನಾಗ್ತೈತೆ, ಬಾಯಿಲೇ ಹೇಳಿ ನೋಡು." ತುಸು ಹೊತ್ತು ಬಾಯಲ್ಲೇ ಗುಣುಗುಣು ಅಂದು, "ಬಾವಿಯ ನೀರು" ಅಂದಳು. ಆ ದಿನ ನಾವಿಬ್ಬರೂ ಬಾವಿ ಬಿಟ್ಟು ಮುಂದೆ ಹೋಗಲಿಲ್ಲ.

ಹೀಗೆ ಗೊತ್ತಿದ್ದ ಪುಟಗಳನ್ನೆಲ್ಲ ಜಾಲಾಡಿದೆವು. ಕಷ್ಟ ಬಂದದ್ದು ಗೊತ್ತಿಲ್ಲದ ಪುಟಕ್ಕೆ ಹೋದಾಗ. ದನಿ ಕಳಿಸದೆ ಹೊಸ ಪುಟ ತೆಗೆ ಅಂದೆ. ಬೆರಳು ಮೊದಲ ಅಕ್ಷರದ ಮೇಲೆ ಹೋಗಿ ಕೂತಿತು. ಕೂತೇ ಇತ್ತು. "ಇದನ್ನ ನೀವು ಹೇಳಿಲ್ಲ ಮಿಸ್" ಅಂದಳು. ನಾನು ಹೇಳಲೂ ಇಲ್ಲ. ನನಗೆ ತಾಳ್ಮೆ ಕಡಿಮೆ, ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದೆ. ಅವತ್ತು ಮೂರು ಮಾತು ಓದಿದಳು. ಮಾರನೇ ದಿನ ಒತ್ತಕ್ಷರಗಳ ಒಂದು ಸಾಲು ಬಂದು ಬೆರಳು ಪುಟದಿಂದ ಎದ್ದುಹೋಯಿತು. ಆಮೇಲೆ ಫೋನು ಎತ್ತುವುದೇ ಬಿಟ್ಟಳು. ಅವಳವ್ವ, "ತಲಿನೋವಂತ್ರಿ ಮೇಡಂ, ಫೋನು ನೋಡಿ ನೋಡಿ ಆಗೈತೇನೋ" ಅಂದಳು. ತಲೆನೋವಿನ ಮರ್ಮ ನನಗೆ ಗೊತ್ತು. ಹೇಳುವ ಹಾಗಿಲ್ಲ.

ನಾಲ್ಕಾರು ದಿನ ಕಾದು, ಒಂದು ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಫೋಟೋ ಹೊಡೆದು ಅವಳ ಫೋನಿಗೆ ಕಳಿಸಿದೆ. "ನಾಳೆ ನಮ್ಮ ಮನೆಗೆ ರೊಟ್ಟಿ ಬೇಕು. ಎಳ್ಳು ಹಾಕಿದ ರೊಟ್ಟಿ. ಕಡಕ್ ಬೇಡ, ಮೆತ್ತಗೆ ಇರಲಿ. ಜೊತೆಗೆ ಶೇಂಗಾ ಚಟ್ನಿಪುಡಿ ಕಳಿಸು." ದನಿ ಕಳಿಸಲಿಲ್ಲ. ಫೋನೂ ಮಾಡಲಿಲ್ಲ. ಅಷ್ಟು ಹೊತ್ತಿಗೆ ಅಂಗಡಿ ತೆರೆದಿತ್ತು. ನಮ್ಮ ಮನೆಯವರು ಮಾರನೇ ದಿನ ಸಾಮಾನು ಕೊಡಲು ಹರಿಹರಕ್ಕೆ ಹೋಗುವವರಿದ್ದರು. ಆ ಮನೆಯ ಮುಂದೆ ಹಾದುಬನ್ನಿ, ಕೊಟ್ಟರೆ ತನ್ನಿ, ನೀವಾಗಿ ಏನೂ ಕೇಳಬೇಡಿ ಅಂತ ಹೇಳಿ ಕಳಿಸಿದೆ.

ಅವರು ಬೈಕು ನಿಲ್ಲಿಸುವ ಮೊದಲೇ ನಾನು ಗೇಟಿನಲ್ಲಿದ್ದೆ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಕಟ್ಟು. ಬಿಚ್ಚಿದೆ. ಮೆತ್ತನೆಯ ರೊಟ್ಟಿ, ಮೇಲೆಲ್ಲ ಎಳ್ಳು.

"ಪಕ್ಕದ ಮನಿಯೋರ ಕೈಲಿ ಓದಿಸಿರಬೇಕು ತಗೋ" ಅಂದರು ನಮ್ಮ ಮನೆಯವರು. ನನಗೂ ಆ ಅನುಮಾನ ಬಂದಿತ್ತು. ಕಟ್ಟು ಮತ್ತೆ ನೋಡಿದೆ. ಚಟ್ನಿಪುಡಿ ಇರಲಿಲ್ಲ. ಆಗಲೇ ತಾರಸಿ ಹತ್ತಿ ಅವಳಿಗೆ ಫೋನು ಹಚ್ಚಿದೆ. ಈ ಸಲ ಎತ್ತಿದಳು.

"ಚಟ್ನಿಪುಡಿ ಎಲ್ಲೈತೆ?"

"ಕೊನೇ ಸಾಲು ಬರಲಿಲ್ಲ ಮಿಸ್. ಬಿಟ್ಟೆ" ಅಂದಳು.

ಪಕ್ಕದ ಮನೆಯವರು ಓದಿದ್ದರೆ ಚಟ್ನಿಪುಡಿಯೂ ಬರುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಬರಿಯ ರೊಟ್ಟಿಯನ್ನೇ ಮುರಿದು ತಿಂದೆ. ಕಣ್ಣಲ್ಲಿ ನೀರು ಬಂತು, ಅದನ್ನು ಮರೆಮಾಡುವ ಗೋಜಿಗೂ ಹೋಗಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಹಾಳೆ ನಾನು ಕಳಿಸಬೇಕಿರಲಿಲ್ಲ. ರೊಟ್ಟಿ ಸುತ್ತಲು ಅವರ ಮನೆಯಲ್ಲಿ ಹಳೆಯ ದಿನಪತ್ರಿಕೆಗಳ ರಾಶಿಯೇ ಇತ್ತಲ್ಲ. ಮಧ್ಯಾಹ್ನ ಅದರಲ್ಲೊಂದು ಹಾಸಿ ಬೆರಳಿಡುತ್ತಿದ್ದಳು. ಪೇಪರಿನಲ್ಲಿ ಅವಳಿಗೆ ತಡೆಯಿಲ್ಲದೆ ಬಂದ ಮೊದಲ ಉದ್ದದ ಮಾತು 'ಮುಖ್ಯಮಂತ್ರಿ'. ಯಾವ ಪುಟ ತೆಗೆದರೂ ಅವರು ಇದ್ದೇ ಇರುತ್ತಾರೆ, ಏನು ಮಾಡುವುದು. ಆಮೇಲೆ ಮಾರುಕಟ್ಟೆಯ ಪುಟದ ಜೋಳ, ಶೇಂಗಾ, ಮೆಕ್ಕೆಜೋಳ. ಕ್ರಿಕೆಟ್ಟಿನ ಪುಟ ಮಾತ್ರ ಬೇಡವೆನ್ನುತ್ತಿದ್ದಳು. "ರೊಟ್ಟಿ ಸುತ್ತು ಅಂದ್ರ ಪೇಪರ್ ನೋಡ್ಕೊಂತ ಕೂಡ್ತಾಳ್ರಿ, ಗಿರಾಕಿ ಬಾಗಿಲಾಗ ನಿಂತಿರ್ತಾರೆ" ಅಂತ ಅವಳವ್ವ ನನ್ನ ಹತ್ತಿರ ದೂರು ಹೇಳಿದಳು. ಅಂಥ ಸವಿಯಾದ ದೂರನ್ನು ನನ್ನ ನೌಕರಿಯಲ್ಲಿ ಬೇರೆ ಯಾರೂ ಹೇಳಿಲ್ಲ.

ಆದರೆ ಹಳೆಯ ಸೊಗಸು ಹೋಯಿತು. ನೋಡಿ ಓದುವಾಗ ಅವಳ ದನಿ ಬೇರೆ ಯಾರದೋ ದನಿಯಂತಿತ್ತು. ತಡವರಿಸುತ್ತಿತ್ತು, ಹಿಂದಕ್ಕೆ ಹೋಗಿ ಮತ್ತೆ ಬರುತ್ತಿತ್ತು. "ಮೊದಲಿನ ಹಂಗ ಬರವಲ್ದು ಮಿಸ್. ಎಲ್ಲರೂ ನಗ್ತಾರೆ" ಅನ್ನುತ್ತಿದ್ದಳು. ನಗುವುದಿಲ್ಲ ಅಂತ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. "ನಗ್ಲಿ. ನೀನು ಬಾ" ಅಂದೆ. ಬರುತ್ತೇನೆ ಅಂತ ಅವಳು ಅನ್ನಲಿಲ್ಲ.

ಶಾಲೆ ತೆರೆದ ದಿನ ಗೇಟಿನಲ್ಲಿ ಹಣೆಗೆ ಗನ್ನು ಹಿಡಿದು ಜ್ವರ ನೋಡುವವರು, ಒಪ್ಪಿಗೆ ಪತ್ರ ಹಿಡಿದ ತಂದೆತಾಯಿಗಳು, ಮೂಗು ಬಾಯಿ ಮುಚ್ಚಿಕೊಂಡ ಮಕ್ಕಳು. ಎಂಟನೇ ತರಗತಿಯವರು ಯಾರು ಯಾರು ಅಂತ ಮುಖ ನೋಡಿ ಹೇಳುವ ಹಾಗೇ ಇಲ್ಲ. ಒಬ್ಬೊಬ್ಬರೇ ಸಹಿ ಮಾಡಲು ಕೈ ಚಾಚಿದಾಗ ಮಾತ್ರ ಗುರುತು ಹತ್ತಿತು. ಗ್ರೀಸಿನ ಬೆರಳು ಬಂತು, ಮೊಂಡುಗುರಿನ ಬೆರಳು ಬಂತು. ನಾನು ಹೆಸರು ಹಿಡಿದು ಕರೆದರೆ ಮಕ್ಕಳಿಗೆ ಆಶ್ಚರ್ಯ. ಹಿಟ್ಟಿನ ಬೆರಳಿಗಾಗಿ ನಾನು ಕಾಯುತ್ತಿದ್ದೆ. ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಬಂದಳು, ಹಿಂದೆ ಒಳ್ಳೆಯ ಸೀರೆ ಉಟ್ಟ ಅವ್ವ. ಆಕೆಯನ್ನು ಗೇಟಿನ ಹೊರಗೇ ನಿಲ್ಲಿಸಿದರು.

ಹೆಡ್ ಮಾಸ್ತರು ಮೈಕು ಹಿಡಿದು ಕೊಂಡಾಡಿ ಕರೆದರು. ಮೈಕು ಆ ದಿನಕ್ಕೆ ತಕ್ಕ ಹಾಗೆ ಅಲ್ಲಿಗೇ ಕೆಟ್ಟಿತು. ಹುಡುಗಿ ಹೋಗಿ ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿದಳು. ಕೈಯಲ್ಲಿ ಹಿಡಿಯಲಿಲ್ಲ. ಬೆರಳು ಇಟ್ಟಳು.

"ಮೆಕ್ಕೆ... ಜೋಳ. ಖರೀದಿ ಕೇಂ... ಕೇಂದ... ಕೇಂದ್ರ. ತೆರೆಯಲು ಒತ್ತಾಯ."

ಸಾಲಿನಲ್ಲಿ ಯಾರೋ ಕಿ‍ಸಕ್ಕೆಂದರು. ಆ ಸೊಗಸಾದ ದನಿಯನ್ನು ತಿಂಗಳುಗಟ್ಟಲೆ ಕೇಳಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವಳಿಗೆ ಕೇಳಿಸಿತು; ಬೆರಳು ಒಂದು ಕ್ಷಣ ನಿಂತಿತು. ಓಡಿ ಹೋಗುತ್ತಾಳೆ ಅಂದುಕೊಂಡೆ. ಬೆರಳು ಕೆಳಗಿನ ತಲೆಬರಹಕ್ಕೆ ಇಳಿಯಿತು.

"ಶಾಲೆಗಳಲ್ಲಿ ಮತ್ತೆ ಮಕ್ಕಳ... ಕ, ಲ... ಕಲ... ಕಲರವ."

ಓದಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಾರಳು. ನಾನು ಹೇಳಿಕೊಟ್ಟಿರಲಿಲ್ಲ, ಅವರ ಓಣಿಯಲ್ಲಿ ಯಾರೂ ಅನ್ನುವುದಿಲ್ಲ. ಯಾರ ಬಾಯಿಂದಲೂ ಬಾರದೆ, ನೆಟ್ಟಗೆ ಕಾಗದದಿಂದ ಅವಳ ಬಾಯಿಗೆ ಬಂದಿತ್ತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ತಟ್ಟಿದರೆ ಮಕ್ಕಳು ಅದನ್ನೂ ಅಣಕ ಅಂದುಕೊಂಡಾರು ಅಂತ ಸುಮ್ಮನಾದೆ.

ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಾಸ್ತರು ನನ್ನ ಹತ್ತಿರ ಬಂದು ನಿಟ್ಟುಸಿರು ಬಿಟ್ಟರು. "ಎಂಥಾ ಓದಿತ್ತು ಮೇಡಂ ಆ ಹುಡುಗೀದು. ಆನ್‌ಲೈನು ಆನ್‌ಲೈನು ಅಂತ ಹಾಳಾಗಿ ಹೋತು ನೋಡ್ರಿ."

"ಹೌದು ಸರ್" ಅಂದೆ. "ನಾಳೆನೂ ಅವಳೇ ಓದ್ಲಿ ಬಿಡ್ರಿ."

"ಓದ್ಲಿ, ಓದ್ಲಿ" ಅಂದರು ಪಾಪ, ಬಹಳ ಮರುಕದಿಂದ.

ಈಗಲೂ ಮಳೆಗೆ ರಜೆ ಕೊಟ್ಟ ದಿನ ನಮ್ಮ ಮಕ್ಕಳು ಫೋನಿನಲ್ಲಿ ಓದುವುದು ಬೆರಳಿಟ್ಟೇ. ಒಂದು ಮಗು ತೀರಾ ಸರಾಗವಾಗಿ ಓದಿದರೆ ನನ್ನ ಕಣ್ಣು ಮೊದಲು ಹುಡುಕುವುದು ಅದರ ಬೆರಳನ್ನು. ತಡವರಿಸುವ ಮಗುವನ್ನು ಗದರುವುದನ್ನು ಬಿಟ್ಟಿದ್ದೇನೆ.

ಶಾಲೆ ತೆರೆದ ಆ ದಿನ ಹುಡುಗಿಯ ಜೊತೆ ನಾನೂ ಗೇಟಿನವರೆಗೆ ಹೋದೆ. ಅವಳವ್ವ ಕಂಬಿ ಹಿಡಿದು ನಿಂತಿದ್ದಳು. ಮುಖದ ಮೇಲಿನ ಬಟ್ಟೆಯ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳಲ್ಲಿ ಕಳವಳ. "ಯಾಕ್ರಿ ಮೇಡಂ, ಮರ್ತ್ಲೇನು? ಮನ್ಯಾಗ ಎಷ್ಟು ಚೆಂದ ಹೇಳ್ತಿದ್ಲು" ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಕಂಬಿಯ ಹತ್ತಿರ ಹೋದಳು.

"ಮರ್ತಿಲ್ಲವ್ವಾ. ಅದು ಕೇಳಿದ್ದಲ್ಲ" ಅಂದಳು. "ಓದಿದ್ದು."

ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆ ಎರಡು ಮಾತುಗಳ ನಡುವೆ ಏನಿತ್ತೋ ಅದನ್ನು ಆಕೆ ಪೂರ್ತಿ ತಿಳಿದುಕೊಂಡಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೆರಗು ಸರಿಮಾಡಿಕೊಂಡಳು.

"ಹಂಗಾದ್ರ ನಾಳೆ ಒಂದಿಷ್ಟು ಗಟ್ಟಿಯಾಗಿ ಓದು" ಅಂದಳು. "ಗೇಟಿನ ತನಕ ಪೂರ್ತಿ ಕೇಳ್ಲಿಲ್ಲ."